ಏರ್‌ಗನ್ನಿಗೆ ಎಣ್ಣೆ ಬಿಡುವ ಮೊದಲು

ಮಳೆಗಾಲ ಮುಗಿದು ಜಾತ್ರೆಗಳು ಹತ್ತಿರ ಬಂದಾಗ ಕಾಸರಗೋಡಿನ ಕಡೆ ಅಟ್ಟದಿಂದ ಏರ್‌ಗನ್‌ಗಳು ಕೆಳಗಿಳಿಯುತ್ತವೆ. ಬದಿಯಡ್ಕ, ಪೆರ್ಲದ ಕೆಲವು ತೋಟದ ಮನೆಗಳಲ್ಲಿ ಹಳೆಯದೊಂದು ಇದ್ದೇ ಇರುತ್ತದೆ. ಜಾತ್ರೆಯ ಬಲೂನ್ ಅಂಗಡಿಯಲ್ಲಂತೂ ಸಾಲಾಗಿ ಇಟ್ಟಿರುತ್ತಾರೆ. ತಿಂಗಳುಗಟ್ಟಲೆ ತೇವದಲ್ಲಿ ಕೂತ ಗನ್ ಅಂದಮೇಲೆ ಮೊದಲ ಕೆಲಸ ಎಣ್ಣೆ ಬಿಡುವುದು. ಹೊಲಿಗೆ ಮಿಷನ್ನಿನ ಎಣ್ಣೆ, ಅದಿಲ್ಲದಿದ್ದರೆ ತೆಂಗಿನೆಣ್ಣೆ. ನಳಿಕೆ ಬಗ್ಗಿಸಿ, ಅದರ ಹಿಂದೆ ಕಾಣುವ ಸಣ್ಣ ತೂತಿಗೆ ಧಾರಾಳವಾಗಿ ನಾಲ್ಕು ಹನಿ. ಗನ್ ಹಾಳಾಗಲು ಇಷ್ಟು ಸಾಕು.

ಆ ತೂತಿನ ಆಚೆ ಉಕ್ಕಿನ ಸಿಲಿಂಡರ್ ಇದೆ. ಅದರೊಳಗೆ ಪಿಸ್ಟನ್, ಪಿಸ್ಟನ್ ಬೆನ್ನಿಗೆ ಸ್ಪ್ರಿಂಗ್. ನಳಿಕೆ ಬಗ್ಗಿಸಿದಾಗ ಸ್ಪ್ರಿಂಗ್ ಮುದುಡಿ ಕೂರುತ್ತದೆ. ಟ್ರಿಗರ್ ಎಳೆದ ಕೂಡಲೇ ಪಿಸ್ಟನ್ ಮುಂದಕ್ಕೆ ನುಗ್ಗಿ ಎದುರಿನ ಗಾಳಿಯನ್ನು ಹಿಂಡುತ್ತದೆ. ಆ ಗಾಳಿ ತೂತಿನಿಂದ ಹೊರಬಂದು ಗುಂಡನ್ನು ದೂಡುತ್ತದೆ. ಇಷ್ಟೆಲ್ಲ ಆಗುವುದು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ.

ಗಾಳಿಯನ್ನು ಬೇಗ ಹಿಂಡಿದರೆ ಅದು ಬಿಸಿಯಾಗುತ್ತದೆ. ಜೋರಾಗಿ ಗಾಳಿ ಹೊಡೆದ ಮೇಲೆ ಸೈಕಲ್ ಪಂಪಿನ ತಳ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಪಂಪಿನಲ್ಲಿ ಬಿಸಿ ಹೊರಗೆ ಸೋರಲು ಸಮಯವಿದೆ. ಏರ್‌ಗನ್ನಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬಿಸಿ ಸ್ವಲ್ಪವೂ ಸೋರದಂತೆ 30 ಡಿಗ್ರಿಯ ಗಾಳಿಯನ್ನು ಹತ್ತನೇ ಒಂದು ಭಾಗಕ್ಕೆ ಹಿಂಡಿದರೆ, ಲೆಕ್ಕದ ಪ್ರಕಾರ ಅದು 480 ಡಿಗ್ರಿ ದಾಟುತ್ತದೆ. ಡೀಸೆಲ್ ಎಣ್ಣೆ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳಲು ಸುಮಾರು 210 ಡಿಗ್ರಿ ಸಾಕು. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ತನ್ನ ಎಂಜಿನ್ ಕಟ್ಟಿದ್ದು ಗಾಳಿಯ ಈ ಗುಣವನ್ನು ನಂಬಿಯೇ. ಅದಕ್ಕೂ ಮೊದಲೇ ಮಲಯ, ಇಂಡೋನೇಷ್ಯಾದ ಕಡೆಯ ಜನ ಮರ, ಬಿದಿರು, ಕೊಂಬಿನ ಸಣ್ಣ ಕೊಳವೆಯೊಳಗೆ ಪಿಸ್ಟನ್ ಬಡಿದು ಬೆಂಕಿ ಹೊತ್ತಿಸುತ್ತಿದ್ದರು. ಯೋಚಿಸಿದಷ್ಟೂ ಆಶ್ಚರ್ಯವಾಗುತ್ತದೆ, ಅಲ್ವಾ?

ಈಗ ಆ ನಾಲ್ಕು ಹನಿಯ ಗತಿ ನೋಡಿ. ಸಿಲಿಂಡರಿನೊಳಗೆ ಅದು ಇಂಧನವಾಗುತ್ತದೆ. ಢಮ್ ಎಂಬ ಸದ್ದು, ನಳಿಕೆಯ ತುದಿಯಲ್ಲಿ ಹೊಗೆ, ಸುಟ್ಟ ವಾಸನೆ. "ಪವರ್ ಜಾಸ್ತಿ ಆಯ್ತು ಭಾವ" ಅಂತ ಖುಷಿಪಡುವವರೂ ಇದ್ದಾರೆ. ಆದರೆ ಆ ಸ್ಫೋಟ ಪಿಸ್ಟನ್ನನ್ನೂ ಹಿಂದಕ್ಕೆ ಒದೆಯುತ್ತದೆ. ಗಾಳಿ ಸೋರದಂತೆ ಪಿಸ್ಟನ್ ತುದಿಗೆ ಹಾಕಿದ ಸೀಲ್ ಸುಡುತ್ತದೆ, ಸ್ಪ್ರಿಂಗ್ ಸೊಟ್ಟಗಾಗುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಹೊಸ ಗನ್ ಮೊದಮೊದಲು ಸ್ವಲ್ಪ ಹೊಗೆ ಬಿಟ್ಟರೆ ಮಾತ್ರ ಚಿಂತೆ ಬೇಡ. ಅದು ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ, ತಾನಾಗಿ ಮುಗಿಯುತ್ತದೆ.

ತೆಂಗಿನೆಣ್ಣೆಯನ್ನಂತೂ ಗನ್ನಿನ ಯಾವ ಭಾಗಕ್ಕೂ ಹಚ್ಚಬೇಡಿ. ಸುಮಾರು 24 ಡಿಗ್ರಿಗೇ ಅದು ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಹಳತಾಗಿ ಕಮಟು ವಾಸನೆ ಬಂದ ಎಣ್ಣೆಯಲ್ಲಿ ಆಮ್ಲವೂ ಸೇರಿರುತ್ತದೆ. ಅದು ಲೋಹಕ್ಕೆ ಒಳ್ಳೆಯದಲ್ಲ.

ಹಾಗಾದರೆ ಸಿಲಿಂಡರಿಗೆ ಏನು? ಸಿಲಿಕೋನ್ ಎಣ್ಣೆ. ಅದು ಬಿಸಿ ತಾಳುತ್ತದೆ, ಸುಲಭದಲ್ಲಿ ಹೊತ್ತಿಕೊಳ್ಳುವುದಿಲ್ಲ. ಒಂದೆರಡು ಹನಿ ಬಿಟ್ಟು, ಸೀಲ್ ಕಡೆ ಇಳಿಯುವಂತೆ ಗನ್ನನ್ನು ಒಂದು ರಾತ್ರಿ ಒರಗಿಸಿಟ್ಟರೆ ಸಾಕು. ಹಳೆಯ ಗನ್ನುಗಳಲ್ಲಿ ಚರ್ಮದ ಸೀಲ್ ಇರುತ್ತದೆ. ಅದು ಒಣಗಿದರೆ ಕುಗ್ಗಿ ಗಾಳಿ ಬಿಡುತ್ತದೆ, ಆಗಾಗ ಎಣ್ಣೆಯಲ್ಲಿ ನೆನೆಯುತ್ತಿರಬೇಕು. ಈಗಿನ ಸಿಂಥೆಟಿಕ್ ಸೀಲ್‌ಗೆ ಎಣ್ಣೆ ಬೇಕಾಗುವುದೇ ಅಪರೂಪ. ನಳಿಕೆ ಬಗ್ಗಿಸುವಾಗ ಕೊಂಯ್ ಎಂಬ ಸದ್ದು ಬಂದರೆ ಮಾತ್ರ ಒಂದು ಹನಿ.

ಅದೇ ಸಿಲಿಕೋನ್ ಎಣ್ಣೆ ಸ್ಪ್ರಿಂಗಿಗೆ ಆಗದು. ಉಕ್ಕಿನ ಮೇಲೆ ಉಕ್ಕು ಒತ್ತಿ ಉಜ್ಜುವಲ್ಲಿ ಅದರ ಪದರ ನಿಲ್ಲುವುದಿಲ್ಲ. ಅಲ್ಲಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಕಪ್ಪು ಪೇಸ್ಟ್ ಬೇಕು. ಇದರ ಹರಳು ತೆಳು ಹಾಳೆಗಳ ಅಟ್ಟಿ. ಒತ್ತಡ ಬಿದ್ದಾಗ ವೀಳ್ಯದೆಲೆಯ ಕಟ್ಟಿನಂತೆ ಒಂದರ ಮೇಲೊಂದು ಜಾರುತ್ತವೆ. ಪಿಸ್ಟನ್ನಿನ ಪಕ್ಕಕ್ಕೆ, ಸ್ಪ್ರಿಂಗನ್ನು ನೆಟ್ಟಗೆ ಹಿಡಿಯುವ ಗೈಡಿಗೆ, ನಳಿಕೆ ಬಗ್ಗುವ ಕೀಲಿಗೆ ತೆಳ್ಳಗೆ ಸವರಿದರೆ ಆಯಿತು. ಹೊಡೆದಾಗ ಟೊಂಯ್ ಎಂದು ತಂತಿ ಮೀಟಿದಂಥ ಸದ್ದು ಉಳಿದರೆ ಅದು ಸ್ಪ್ರಿಂಗಿನ ಅದುರುವಿಕೆ. ಅದನ್ನು ತಣಿಸಲು ಅಂಟಾದ ದಪ್ಪ ಗ್ರೀಸ್ ಇದೆ. ಇದಕ್ಕೆಲ್ಲ ಗನ್ ಬಿಚ್ಚಬೇಕು, ಬಿಚ್ಚಲು ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ, ಸ್ಪ್ರಿಂಗ್ ಕಂಪ್ರೆಸರ್ ಬೇಕು. ಅದಿಲ್ಲದೆ ಹಿಂದಿನ ಪಿನ್ ತೆಗೆಯಲು ಹೋಗಬೇಡಿ, ದಯವಿಟ್ಟು. ನಳಿಕೆ ಬಗ್ಗಿಸದಿದ್ದರೂ ಸ್ಪ್ರಿಂಗ್ ಒಳಗೆ ಒತ್ತಡದಲ್ಲೇ ಇರುತ್ತದೆ, ಮುಖಕ್ಕೆ ಹಾರಿದರೆ ಕಣ್ಣು ಹೋದೀತು.

ಗ್ಯಾಸ್ ಪಿಸ್ಟನ್ ಗನ್ನಿನಲ್ಲಿ ಸ್ಪ್ರಿಂಗ್ ಬದಲು ಮುಚ್ಚಿದ ಕೊಳವೆಯಲ್ಲಿ ಒತ್ತಿ ತುಂಬಿದ ಅನಿಲ, ಸಾಮಾನ್ಯವಾಗಿ ನೈಟ್ರೋಜನ್. ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ರಾಡ್ ಇದೆಯಲ್ಲ, ಅದೇ ತಂತ್ರ. ಬ್ರಿಟನ್ನಿನ ಥಿಯೋಬೆನ್ ಕಂಪನಿ ಇದನ್ನು 1980ರ ದಶಕದಲ್ಲಿ ಜನಪ್ರಿಯಗೊಳಿಸಿತು. ಟೊಂಯ್ ಸದ್ದಿಲ್ಲ, ಸ್ಪ್ರಿಂಗ್ ಗ್ರೀಸಿನ ಕೆಲಸವಿಲ್ಲ. ಆದರೆ ಅನಿಲದ ಕೊಳವೆಯನ್ನು ಮನೆಯಲ್ಲಿ ಬಿಚ್ಚುವಂತಿಲ್ಲ, ಹೋದರೆ ಇಡಿಯಾಗಿ ಬದಲಿಸಬೇಕು. ಮುಂದಿನ ಸಿಲಿಂಡರಿನಲ್ಲಿ ಗಾಳಿ ಬಿಸಿಯಾಗುವ ಕತೆ ಇಲ್ಲೂ ಅದೇ. ಹಾಗಾಗಿ ಎಣ್ಣೆಯ ನಿಯಮವೂ ಅದೇ.

ಎರಡೂ ಬಗೆಯ ಗನ್ನನ್ನು ಗುಂಡಿಲ್ಲದೆ ಸುಮ್ನೆ ಹೊಡೆಯಬಾರದು. ಗುಂಡು ತಡೆದಾಗ ಮುಂದೆ ಗಾಳಿಯ ಮೆತ್ತೆ ಉಳಿದು ಪಿಸ್ಟನ್ ಮೆಲ್ಲಗೆ ನಿಲ್ಲುತ್ತದೆ. ಗುಂಡಿಲ್ಲದಿದ್ದರೆ ನೇರ ಸಿಲಿಂಡರಿನ ಮುಂದಿನ ಗೋಡೆಗೆ ಬಡಿಯುತ್ತದೆ.

ಇನ್ನು ಹೊರಮೈ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಮೇಲೆ ಕಡಲಿನ ಉಪ್ಪು ಗಾಳಿ. ನಮ್ಮಲ್ಲಿ ತುಕ್ಕಿಗೆ ಇನ್ನೇನು ಬೇಕು? ಕೈಯ ಬೆವರಿನಲ್ಲೂ ಉಪ್ಪಿದೆ. ಮುಟ್ಟಿದ ಮೇಲೆ ತೆಳು ಎಣ್ಣೆಯ ಬಟ್ಟೆಯಿಂದ ಒರೆಸಿಡಿ, ಹೊಲಿಗೆ ಮಿಷನ್ನಿನ ಎಣ್ಣೆ ಇಲ್ಲಿಗೆ ಸರಿ. 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡಬ್ಲ್ಯೂಡಿ-40 ಮೂಲತಃ ನೀರನ್ನು ಹೊರದಬ್ಬಲು ಮಾಡಿದ್ದು. ಹೊರಗೆ ಒರೆಸಲು ಪರವಾಗಿಲ್ಲ, ತೂತಿನೊಳಗೆ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗನ್ನನ್ನು ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಇಡಬೇಡಿ. ಚೀಲ ತೇವ ಹೀರಿ ಉಕ್ಕಿನ ಮೈಗೆ ಒತ್ತಿ ಹಿಡಿಯುತ್ತದೆ.

ಪವರ್ ಕಡಿಮೆಯಾಯಿತು ಅನ್ನಿಸಿದರೆ ಎಣ್ಣೆ ಬಾಟಲಿಗೆ ಕೈ ಹಾಕುವ ಮೊದಲು ಸ್ಟಾಕಿನ, ಅಂದರೆ ಗನ್ನಿನ ಹಿಡಿಯ, ಸ್ಕ್ರೂಗಳು ಸಡಿಲವಾಗಿವೆಯೇ ನೋಡಿ. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಜಗ್ಗುವುದರಿಂದ ಅವು ತಾವಾಗಿ ಬಿಚ್ಚಿಕೊಳ್ಳುತ್ತವೆ, ಗುರಿ ತಪ್ಪುತ್ತದೆ. ಆಮೇಲೆ ನಳಿಕೆ ಬಗ್ಗುವ ಸಂದಿಯ ಮೇಲೆ ಟಿಶ್ಯೂ ಕಾಗದದ ಒಂದು ಚೂರು ಇಟ್ಟು, ಗುಂಡು ಹಾಕಿ, ಸುರಕ್ಷಿತ ಗುರಿಗೆ ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಸೋರುತ್ತಿರುವುದು ಅಲ್ಲಿ. ಆ ಸಂದಿಯ ಓ-ರಿಂಗ್ ಎಂಬ ಸಣ್ಣ ಬಳೆಯಂಥ ಸೀಲ್ ಬದಲಿಸಿ, ಅದಕ್ಕೆ ಗನ್ ಬಿಚ್ಚುವ ಅಗತ್ಯವೂ ಇಲ್ಲ.