ಎದುರುಗಾಳಿಗೆ ಎಷ್ಟು ಜೋರಾಗಿ ಹೊಡೆಯಬೇಕು?

ಪ್ರಶ್ನೆ: ಬೆಂಗಳೂರಿನಿಂದ ನಾಲ್ಕು ಜನ ಸ್ಕಾಟ್ಲೆಂಡ್‌ಗೆ ಹೊರಟಿದ್ದೇವೆ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಗಾಲ್ಫ್ ಮೈದಾನದಲ್ಲಿ ಆಡುವ ಆಸೆ. ಅಲ್ಲಿ ಸಿಕ್ಕಾಪಟ್ಟೆ ಗಾಳಿಯಂತೆ. ಎದುರುಗಾಳಿ ಇದ್ದಾಗ ಎಷ್ಟು ಜೋರಾಗಿ ಹೊಡೆಯಬೇಕು?

ಜೋರಾಗಿ ಹೊಡೆಯಲೇಬೇಡಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ. ಕೇಳುವಾಗ ತಲೆಯಾಡಿಸುತ್ತಾರೆ, ಆಟ ಶುರುಮಾಡುವ ಜಾಗವಾದ ಮೊದಲ ಟೀಯಲ್ಲಿ ನಿಂತ ಕೂಡಲೇ ಮೈಯೆಲ್ಲ ತಿರುಚಿ ಬೀಸುತ್ತಾರೆ. ಹಾಗಾಗಿ ಈ ಸಲ ಲೆಕ್ಕ ಸಮೇತ ಹೇಳುತ್ತೇನೆ.

ನಿಮ್ಮ 7 ಐರನ್ ಎಂಬ ಕ್ಲಬ್‌ನಿಂದ, ಅಂದರೆ ಹೊಡೆಯುವ ಕೋಲಿನಿಂದ, ಚೆಂಡು ಗಂಟೆಗೆ 110 ಮೈಲಿ ವೇಗದಲ್ಲಿ ಹೊರಡುತ್ತದೆ ಅಂದುಕೊಳ್ಳಿ. ಎದುರಿಗೆ 20 ಮೈಲಿ ಗಾಳಿ. ಚೆಂಡಿನ ಮಟ್ಟಿಗೆ ಅದು 130 ಮೈಲಿ ಗಾಳಿಯೊಳಗೆ ನುಗ್ಗಿದ ಹಾಗೆ. ಗಾಳಿಯ ಒತ್ತಡ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ. ಲೆಕ್ಕ ಹಾಕಿ ನೋಡಿ, ಸುಮಾರು ಶೇ. 40 ಜಾಸ್ತಿ. ಇದು ಚೆಂಡನ್ನು ತಡೆಯುವುದಷ್ಟೇ ಅಲ್ಲ, ಮೇಲಕ್ಕೂ ಎತ್ತುತ್ತದೆ, ಏಕೆಂದರೆ ಐರನ್ ಚೆಂಡು ಹಿಂದಕ್ಕೆ ಗಿರಗಿರ ತಿರುಗುತ್ತಾ ಹೋಗುತ್ತದೆ. ನೀವು ಇನ್ನೂ ಜೋರಾಗಿ ಬೀಸಿದಿರಿ ಅನ್ನಿ. ಆ ಸುತ್ತು ಇನ್ನೂ ಹೆಚ್ಚುತ್ತದೆ. ಚೆಂಡು ಗಾಳಿಪಟದ ಹಾಗೆ ಮೇಲೆದ್ದು, ಅಲ್ಲೇ ಒಂದು ಕ್ಷಣ ನಿಂತು, ನೆಟ್ಟಗೆ ಕೆಳಗೆ ಬೀಳುತ್ತದೆ. ಬಿದ್ದ ಮೇಲೆ ಉರುಳುವುದೂ ಇಲ್ಲ. ಮೈಮುರಿದು ಹೊಡೆದು ಗಳಿಸಿದ ನಾಲ್ಕಾರು ಯಾರ್ಡ್ ಅಲ್ಲಿಗೇ ಖತಂ.

ಇನ್ನೊಂದು ಮಾತು. ಗಾಳಿ ಚೆಂಡನ್ನು ಬಲಕ್ಕೆ ಎಳೆದುಬಿಟ್ಟಿತು ಅಂತ ಬೈಯುತ್ತೀರಲ್ಲ, ಎದುರುಗಾಳಿ ಹಾಗೆ ಎಳೆಯುವುದಿಲ್ಲ. ಚೆಂಡು ಬಲಕ್ಕೆ ಬಾಗುವ ಸ್ಲೈಸ್ ನಿಮ್ಮದೇ. ಗಾಳಿ ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಜೋರಾಗಿ ಬೀಸಿ ಆಯ ತಪ್ಪಿದರೆ ಅದೂ ದುಪ್ಪಟ್ಟು.

ಹಾಗಾದರೆ ಏನು ಮಾಡಬೇಕು? ಕ್ಲಬ್ ಬದಲಿಸಿ. ಎದುರುಗಾಳಿ ತನ್ನ ವೇಗದ ಒಂದೊಂದು ಮೈಲಿಗೆ ಸುಮಾರು ಶೇ. 1 ದೂರ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 140 ಯಾರ್ಡ್ ದೂರಕ್ಕೆ 20 ಮೈಲಿ ಗಾಳಿಯಲ್ಲಿ ಹತ್ತಿರಹತ್ತಿರ 170 ಯಾರ್ಡ್‌ನ ಹೊಡೆತ ಬೇಕಾಗುತ್ತದೆ. 7 ಐರನ್ ಒಳಗಿಡಿ, ಅದಕ್ಕಿಂತ ದೂರ ಹೊಡೆಯುವ 4 ಹೈಬ್ರಿಡ್ ತೆಗೆಯಿರಿ. ಹಿಡಿಯನ್ನು ಒಂದು ಇಂಚು ಕೆಳಗೆ ಹಿಡಿಯಿರಿ. ಚೆಂಡು ಬಲಗಾಲಿನ ಕಡೆಗೆ ಒಂದು ಚೆಂಡಿನಷ್ಟು ಸರಿದಿರಲಿ. ಮುಕ್ಕಾಲು ಸ್ವಿಂಗ್ ಸಾಕು, ಕೈಗಳು ಎದೆಮಟ್ಟಕ್ಕೆ ಬಂದು ನಿಲ್ಲಲಿ. ಹೊಡೆದದ್ದು ಸಾಲದು ಅನ್ನಿಸಬೇಕು. ಹಾಗನ್ನಿಸಿದರೆ ಸರಿಯಾಗಿ ಹೊಡೆದಿದ್ದೀರಿ ಅಂತಲೇ ಅರ್ಥ.

ಹೋಗುವಾಗ ಎದುರುಗಾಳಿ ಇದ್ದರೆ ಬರುವಾಗ ಹಿಂದಿನಿಂದ ತಳ್ಳುತ್ತದೆ, ಲೆಕ್ಕ ಚುಕ್ತಾ ಅನ್ನುವವರೂ ಇದ್ದಾರೆ. ಇಲ್ಲ ಸ್ವಾಮಿ. ಹಿಂಗಾಳಿ ಕೊಡುವುದು ಎದುರುಗಾಳಿ ಕಿತ್ತುಕೊಂಡದ್ದರಲ್ಲಿ ಹೆಚ್ಚುಕಮ್ಮಿ ಅರ್ಧ. ಓಲ್ಡ್ ಕೋರ್ಸ್ ಈಡನ್ ನದಿ ಕಡಲು ಸೇರುವ ಕಡೆಗೆ ಹೋಗಿ, ತಿರುಗಿ ಊರಿಗೆ ಬರುವ ಆಟ. ನೀವು ತಿರುಗುವ ಹೊತ್ತಿಗೆ ಗಾಳಿಯೂ ತಿರುಗಿದರೆ ಎರಡೂ ದಾರಿಯಲ್ಲಿ ಮುಖಕ್ಕೇ ಹೊಡೆತ.

ಬೆಂಗಳೂರಿನವರಿಗೆ ಇನ್ನೊಂದು ಪೆಟ್ಟಿದೆ. ನಾವು ಸುಮಾರು 3,000 ಅಡಿ ಎತ್ತರದಲ್ಲಿ ಆಡುವವರು. ಇಲ್ಲಿನ ಗಾಳಿ ತೆಳು, ಚೆಂಡು ಶೇ. 3ರಷ್ಟು ಜಾಸ್ತಿ ಹೋಗುತ್ತದೆ. ಅಲ್ಲಿ ಸಮುದ್ರಮಟ್ಟ, ಅದರ ಮೇಲೆ ಚಳಿ ಬೇರೆ. ಇಲ್ಲಿನ 140 ಅಲ್ಲಿ ಗಾಳಿ ಬೀಸದಿದ್ದರೂ 140 ಅಲ್ಲ.

ದಿಕ್ಕಿನ ವಿಷಯ ಸುಲಭ. ಅನುಮಾನ ಬಂದರೆ ಎಡಕ್ಕೆ ಹೊಡೆಯಿರಿ. ಹೋಗುವ, ಬರುವ ಫೇರ್‌ವೇಗಳು (ಚೆಂಡು ಸಾಗುವ ಹುಲ್ಲಿನ ದಾರಿಗಳು) ಎಡಗಡೆಯಲ್ಲೇ ಒಂದಕ್ಕೊಂದು ಅಂಟಿಕೊಂಡಿವೆ. ಬಲಕ್ಕೆ ಹೋದರೆ ಮುಳ್ಳುಪೊದೆ, ಇಲ್ಲವೇ ಔಟ್ ಆಫ್ ಬೌಂಡ್ಸ್, ಅಂದರೆ ಮೈದಾನದ ಗಡಿಯಾಚೆ. ಎಡಗಡೆ ಬಂಕರ್ (ಮರಳಿನ ಹಳ್ಳ) ಇಲ್ಲವೆಂದಲ್ಲ, ಕೋರ್ಸ್ ತುಂಬ 112 ಇವೆ. ಗುಂಡಿ ಇರುವ ಗ್ರೀನ್ ಹತ್ತಿರ, ಚೆಂಡನ್ನು ಮೇಲಕ್ಕೆ ಹಾರಿಸುವ ವೆಜ್ ಕ್ಲಬ್‌ನಲ್ಲಿ ಎತ್ತಿ ಹಾಕುವ ಶೋಕಿ ಬಿಡಿ. ನೆಲ ಗಟ್ಟಿ, ಹುಲ್ಲು ಗಿಡ್ಡ. ಗ್ರೀನ್‌ನಿಂದ 20 ಯಾರ್ಡ್ ಆಚೆಯಿಂದಲೂ ಪಟರ್ ಹಿಡಿದು ಉರುಳಿಸಿ. ನೆಲದ ಮೇಲಿನ ಚೆಂಡನ್ನು ಗಾಳಿ ಅಷ್ಟಾಗಿ ಕೆಡಿಸುವುದಿಲ್ಲ.

ಅಷ್ಟಾಗಿ ಅಂದೆ, ಪೂರ್ತಿ ಅಲ್ಲ. 2015ರ ಓಪನ್ ಗಾಲ್ಫ್ ಪಂದ್ಯಾವಳಿ ಇಲ್ಲೇ ನಡೆದಾಗ ಶನಿವಾರ ಗ್ರೀನ್ ಮೇಲೆ ನಿಂತಿದ್ದ ಚೆಂಡುಗಳೇ ಗಾಳಿಗೆ ಜರುಗತೊಡಗಿದವು. ಆಟ ಹತ್ತು ಗಂಟೆಗೂ ಹೆಚ್ಚು ಹೊತ್ತು ನಿಂತಿತು. ಪಂದ್ಯ ಮುಗಿದದ್ದು ಸೋಮವಾರ, ಸಮಸಮ ಆದವರ ನಡುವಿನ ಪ್ಲೇಆಫ್‌ನಲ್ಲಿ ಗೆದ್ದವರು ಝಾಕ್ ಜಾನ್ಸನ್.

ನಿಮ್ಮ ಚೆಂಡೂ ಹಾಗೆ ಜರುಗಿದರೆ? ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಗ್ರೀನ್ ಮೇಲೆ ಗುರುತು ಹಾಕಿ, ಚೆಂಡನ್ನು ಎತ್ತಿ ಮತ್ತೆ ಇಟ್ಟ ಮೇಲೆ ಗಾಳಿ ತಳ್ಳಿದರೆ, ಮೊದಲಿದ್ದ ಜಾಗಕ್ಕೇ ವಾಪಸ್ ಇಡಬೇಕು. ಇನ್ನೂ ಎತ್ತಿ ಇಟ್ಟಿಲ್ಲದಿದ್ದರೆ ಹೋಗಿ ನಿಂತಲ್ಲಿಂದಲೇ ಆಡಬೇಕು. ಎರಡಕ್ಕೂ ದಂಡವಿಲ್ಲ. ಹಾಗಾಗಿ ಗಾಳಿ ಚೆಂಡನ್ನು ಗುಂಡಿಯಿಂದ ದೂರ ತಳ್ಳುವಂತಿದ್ದರೆ ಬೇಗ ಹೋಗಿ ಗುರುತು ಹಾಕಿ, ಎತ್ತಿ ಇಡಿ. ಗುಂಡಿಯ ಕಡೆಗೇ ತಳ್ಳುವಂತಿದ್ದರೆ ಅಷ್ಟೊಂದು ಅವಸರ ಯಾಕೆ, ಅಲ್ವಾ?