ಸೈಬೀರಿಯಾ ರೈಲಿನ ವೇಳಾಪಟ್ಟಿಯನ್ನು ಓದುವುದು: ನನ್ನನ್ನು ಕಾಡಿದ ಗಂಟೆಗಳ ಲೆಕ್ಕ

ರಷ್ಯನ್ ಕಲಿಕೆಯ ಮೊದಲ ಹಂತದಲ್ಲಿ ನಮಗೊಂದು ಅಭ್ಯಾಸವಿತ್ತು. ಮಾಸ್ಕೋದಿಂದ ವ್ಲಾದಿವೊಸ್ತೋಕ್‌ವರೆಗಿನ ರೈಲಿನ ವೇಳಾಪಟ್ಟಿಯನ್ನು ಓದಿ, ನಡುವೆ ಮೂರು ಊರುಗಳಲ್ಲಿ ಇಳಿದು ಉಳಿದು ಮತ್ತೆ ಹತ್ತುವಂತೆ ಪ್ರಯಾಣವನ್ನು ಯೋಜಿಸಬೇಕಾಗಿತ್ತು. ಪದಗಳು ಒಂದೇ ಸಂಜೆಯಲ್ಲಿ ಬಾಯಿಗೆ ಬಂದವು, ಆದರೆ ಗಂಟೆಗಳ ಲೆಕ್ಕ ನಾಲ್ಕು ದಿನ ಕಾಡಿತು. ತಪ್ಪಿದ್ದು ಎಲ್ಲಿ ಎಂಬುದು ಇನ್ನೂ ನೆನಪಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ. ಲಿಪಿ ಮತ್ತು ಅಂಕಿಗಳ ಪರಿಚಯ ಓದುವವರಿಗೆ ಈಗಾಗಲೇ ಇದೆ ಎಂದುಕೊಂಡಿದ್ದೇನೆ.

ದಾರಿ

ಹಳಿಯ ಪಕ್ಕದ ಕಿಲೋಮೀಟರ್ ಕಂಬಗಳ ಲೆಕ್ಕದಂತೆ ಮಾಸ್ಕೋದ ಯಾರೊಸ್ಲಾವ್‌ಸ್ಕಿ ನಿಲ್ದಾಣದಿಂದ ವ್ಲಾದಿವೊಸ್ತೋಕ್‌ಗೆ 9,288 ಕಿ.ಮೀ. ಇದೆ. 1891ರಲ್ಲಿ ಆರಂಭವಾದ ಈ ಮಾರ್ಗ ಪೂರ್ತಿಯಾಗಿ ರಷ್ಯಾದ ನೆಲದ ಮೇಲೆಯೇ ಕೂಡಿಕೊಂಡಿದ್ದು 1916ರಲ್ಲಿ, ಖಬಾರೊವ್ಸ್ಕ್‌ನ ಬಳಿ ಅಮೂರ್ ನದಿಯ ಸೇತುವೆ ಮುಗಿದಾಗ. ನಾನು ಇಳಿಯಲು ಆರಿಸಿಕೊಂಡ ಊರುಗಳು ಯೆಕತೆರಿನ್‌ಬುರ್ಗ್ (1,816), ನೊವೊಸಿಬಿರ್ಸ್ಕ್ (3,335) ಮತ್ತು ಇರ್ಕುತ್ಸ್ಕ್ (5,185). ಆವರಣದಲ್ಲಿರುವುದು ಮಾಸ್ಕೋದಿಂದ ಇರುವ ಕಿಲೋಮೀಟರ್. ಯೆಕತೆರಿನ್‌ಬುರ್ಗ್‌ಗೆ ಸ್ವಲ್ಪ ಮೊದಲು, 1,777ನೆಯ ಕಿಲೋಮೀಟರಿನಲ್ಲಿ ಯೂರೋಪ್ ಮತ್ತು ಏಷ್ಯಾಗಳ ಗಡಿಯನ್ನು ಸೂಚಿಸುವ ಕಂಬವಿದೆ. ನೊವೊಸಿಬಿರ್ಸ್ಕ್ ಓಬ್ ನದಿಗೆ ರೈಲು ಸೇತುವೆ ಕಟ್ಟುವ ಕೆಲಸದಿಂದಲೇ ಹುಟ್ಟಿದ ಊರು. ಇರ್ಕುತ್ಸ್ಕ್‌ನಲ್ಲಿ ಇಳಿಯುವುದಕ್ಕೆ ಬೈಕಲ್ ಸರೋವರ ಎಂಬ ಒಂದೇ ಕಾರಣ ಸಾಕು. ಅಲ್ಲಿಂದ ಮುಂದಿನ 4,103 ಕಿ.ಮೀ.ಗಳನ್ನು ಎಲ್ಲಿಯೂ ಇಳಿಯದೆ ಮುಗಿಸುವುದು ನನ್ನ ಯೋಜನೆ. ನಮ್ಮ ದೇಶದ ಅತಿ ಉದ್ದದ ರೈಲು ಓಟವಾದ ದಿಬ್ರುಗಢ–ಕನ್ಯಾಕುಮಾರಿ ಸುಮಾರು 4,200 ಕಿ.ಮೀ. ಆಗಿರುವುದರಿಂದ, ನನ್ನ ಕೊನೆಯ ತುಂಡೊಂದೇ ಹೆಚ್ಚು ಕಡಿಮೆ ಅಷ್ಟಾಗುತ್ತದೆ. ಹೀಗೆ ಇಳಿದು ಹತ್ತುವವರು ಪ್ರತಿ ತುಂಡಿಗೂ ಬೇರೆ ಟಿಕೆಟ್ ಕೊಳ್ಳುವುದು ರೂಢಿಯಾದ್ದರಿಂದ ನಾಲ್ಕು ಟಿಕೆಟ್‌ಗಳು, ನಾಲ್ಕು ಹೊರಡುವ ವೇಳೆಗಳು ಮತ್ತು ನಾಲ್ಕು ತಲುಪುವ ವೇಳೆಗಳು ಕೈಯಲ್ಲಿರುತ್ತವೆ. ತೊಡಕು ಆರಂಭವಾಗುವುದು ಇಲ್ಲಿಯೇ.

ಪಟ್ಟಿಯ ಪದಗಳು

'ಪ್ರಿಬೀತಿಯೆ' ಎಂದರೆ ತಲುಪುವುದು, 'ಅತ್‌ಪ್ರವ್ಲೇನಿಯೆ' ಎಂದರೆ ಹೊರಡುವುದು, 'ಸ್ತಯಾಂಕ' ಎಂದರೆ ರೈಲು ನಿಲ್ಲುವ ಅವಧಿ. ಸ್ತಯಾಂಕವನ್ನು ನೆನಪಿಟ್ಟುಕೊಳ್ಳುವುದು ನಮಗೆ ಸುಲಭ, ಏಕೆಂದರೆ ಅದರ ಧಾತು ಸಂಸ್ಕೃತದ 'ಸ್ಥಾ' ಧಾತುವಿನ ಬಂಧು. ಸ್ಥಾನ, ಸ್ಥಿತಿ, ಸ್ಥಾವರಗಳ ಸಾಲಿಗೆ ಇದನ್ನೂ ಸೇರಿಸಿಕೊಂಡರಾಯಿತು. ಹಳಿಯ ಸಂಖ್ಯೆಯ ಮುಂದೆ ಬರುವ 'ಪುತ್' ಎಂಬ ಪದವೂ ಹೀಗೆಯೇ 'ಪಥ'ಕ್ಕೆ ನೆಂಟ.

ನನ್ನನ್ನು ಎಡವಿಸಿದ ಜೋಡಿ ಬೇರೆಯದು. 'ಮೆಸ್ತ' ಎಂದರೆ ಜಾಗ, ಟಿಕೆಟ್ಟಿನ ಮೇಲೆ ಆಸನದ ಸಂಖ್ಯೆ. 'ಮೆಸ್ನಯೆ ವ್ರೇಮ್ಯ' ಎಂದರೆ ಆ ಜಾಗದ ವೇಳೆ, ಅಂದರೆ ಸ್ಥಳೀಯ ಕಾಲಮಾನ. ಎರಡನೆಯ ಪದವೂ ಮೊದಲನೆಯದರಿಂದಲೇ ಹುಟ್ಟಿದ್ದು, ಆದರೆ ಬರೆಯುವಾಗ ಇರುವ 'ತ' ಉಚ್ಚರಿಸುವಾಗ ಬಿದ್ದುಹೋಗುತ್ತದೆ. ಕಿವಿಗೆ ಬಿದ್ದ ಪದವನ್ನು ಪಟ್ಟಿಯಲ್ಲಿ ಹುಡುಕಿದ ನಾನು ಸ್ಥಳೀಯ ವೇಳೆಯನ್ನು ಆಸನದ ಅಂಕಣವೆಂದೂ, ಉಳಿದ ಗಂಟೆಗಳೆಲ್ಲ ಮಾಸ್ಕೋದವೆಂದೂ ತಿಳಿದುಕೊಂಡೆ.

ಗಂಟೆಗಳು ಯಾವ ಊರಿನವು?

ಈ ತಪ್ಪಿಗೆ ಒಂದು ಹಳೆಯ ಪ್ರವಾಸ ಕೈಪಿಡಿಯ ಕುಮ್ಮಕ್ಕೂ ಇತ್ತು. ರಷ್ಯಾದ ರೈಲುಗಳು ಎಲ್ಲೇ ಓಡುತ್ತಿದ್ದರೂ ಮಾಸ್ಕೋ ವೇಳೆಯನ್ನೇ ಅನುಸರಿಸುತ್ತವೆ ಎಂದು ಅದರಲ್ಲಿ ಬರೆದಿತ್ತು. ಅದು ಬರೆದ ಕಾಲಕ್ಕೆ ಆ ಮಾತು ನಿಜವೇ ಆಗಿತ್ತು, ಆದರೆ 2018ರ ಆಗಸ್ಟ್ 1ರಿಂದ ಪ್ರಯಾಣಿಕರ ಟಿಕೆಟ್‌ಗಳಲ್ಲಿ ಆಯಾ ನಿಲ್ದಾಣದ ಸ್ಥಳೀಯ ವೇಳೆಯನ್ನು ತೋರಿಸಲಾಗುತ್ತಿದೆ. ಇರ್ಕುತ್ಸ್ಕ್‌ನಿಂದ 8ನೆಯ ತಾರೀಖು 03:00ಕ್ಕೆ ಹೊರಡುವ ರೈಲನ್ನು ಹಳೆಯ ನಿಯಮದಂತೆ ಮಾಸ್ಕೋ ವೇಳೆಯೆಂದು ಓದಿದರೆ, ಇರ್ಕುತ್ಸ್ಕ್ ಐದು ಗಂಟೆ ಮುಂದಿರುವುದರಿಂದ, ಬೆಳಿಗ್ಗೆ ಎಂಟಕ್ಕೆ ಹೋದರಾಯಿತು ಎಂದು ನಿಶ್ಚಿಂತೆಯಿಂದ ಮಲಗುತ್ತೇವೆ. ನಾವು ನಿಲ್ದಾಣವನ್ನು ಮುಟ್ಟುವ ಹೊತ್ತಿಗೆ ರೈಲು ಹೊರಟು ಐದು ಗಂಟೆಗಳಾಗಿರುತ್ತವೆ.

ಯಾವ ಊರು ಮಾಸ್ಕೋಗಿಂತ ಎಷ್ಟು ಮುಂದಿದೆ ಎಂಬುದನ್ನು ಬಾಯಿಪಾಠ ಮಾಡುವುದೇ ಲೇಸು, ಏಕೆಂದರೆ ದೂರವನ್ನು ನೋಡಿ ಊಹಿಸಲು ಹೋದರೆ ಕೆಡುತ್ತದೆ. ಕೀರೊವ್‌ವರೆಗೂ ಮಾಸ್ಕೋ ವೇಳೆಯೇ. ಅನಂತರ ಬಲೆಜಿನೊ ಇರುವ ಉದ್ಮುರ್ತಿಯಾದ ತುಣುಕಿನಲ್ಲಿ ಒಂದು ಗಂಟೆ ಮುಂದು, ಅದನ್ನು ದಾಟುತ್ತಲೇ ಪೆರ್ಮ್‌ನಲ್ಲಿ ಎರಡು. ಯೆಕತೆರಿನ್‌ಬುರ್ಗ್ ಮತ್ತು ತ್ಯುಮೇನ್ ಕೂಡ ಎರಡೇ. ಓಮ್ಸ್ಕ್ ಮೂರು, ನೊವೊಸಿಬಿರ್ಸ್ಕ್ ನಾಲ್ಕು. ಅದಕ್ಕೂ 763 ಕಿ.ಮೀ. ಮುಂದಿರುವ ಕ್ರಾಸ್ನೊಯಾರ್ಸ್ಕ್‌ನಲ್ಲೂ ನಾಲ್ಕೇ. ಇರ್ಕುತ್ಸ್ಕ್ ಮತ್ತು ಉಲಾನ್-ಉದೆ ಐದು, ಚಿತಾ ಆರು, ಖಬಾರೊವ್ಸ್ಕ್ ಮತ್ತು ವ್ಲಾದಿವೊಸ್ತೋಕ್ ಏಳು. ಹಳೆಯ ಪಟ್ಟಿಗಳಲ್ಲಿ ನೊವೊಸಿಬಿರ್ಸ್ಕ್‌ಗೆ ಮೂರು, ಚಿತಾಕ್ಕೆ ಐದು ಎಂದಿರುತ್ತದೆ. ಇವೆರಡೂ 2016ರಲ್ಲಿ ಬದಲಾದವು.

ಕಳೆಯುವುದೋ, ಕೂಡುವುದೋ?

ಇದು ನಾನು ನಿಜವಾಗಿ ಸಿಕ್ಕಿಹಾಕಿಕೊಂಡ ಹೆಜ್ಜೆಯಾದ್ದರಿಂದ ನಿಧಾನವಾಗಿ ಹೇಳುತ್ತೇನೆ. ಕೆಳಗಿನ ವೇಳೆಗಳು ಅಭ್ಯಾಸಕ್ಕಾಗಿ ನಾನೇ ಇಟ್ಟುಕೊಂಡವು, ಯಾವುದೇ ನಿಜವಾದ ರೈಲಿನವಲ್ಲ.

ರೈಲು ಮಾಸ್ಕೋದಿಂದ 5ನೆಯ ತಾರೀಖು 23:00ಕ್ಕೆ ಹೊರಟು ನೊವೊಸಿಬಿರ್ಸ್ಕ್‌ಗೆ 8ನೆಯ ತಾರೀಖು 05:00ಕ್ಕೆ ತಲುಪುತ್ತದೆ. ಎರಡೂ ಸ್ಥಳೀಯ ವೇಳೆಗಳು. ಪ್ರಯಾಣಕ್ಕೆ ಹಿಡಿದ ಗಂಟೆಗಳೆಷ್ಟು? ಅಂಕಿಗಳ ಅಂತರ 54. ನೊವೊಸಿಬಿರ್ಸ್ಕ್ ನಾಲ್ಕು ಗಂಟೆ ಮುಂದಿದೆ ಎಂಬ ಮಾತಿನಲ್ಲಿರುವ 'ಮುಂದೆ'ಯನ್ನು ಹಿಡಿದುಕೊಂಡು ನಾನು ನಾಲ್ಕನ್ನು ಕೂಡಿ 58 ಎಂದು ಬರೆದೆ. ಸರಿಯಾದ ಉತ್ತರ 50.

ಏಕೆ ಕಳೆಯಬೇಕೆಂಬುದು ನನಗೆ ಹೊಳೆದದ್ದು ಎರಡು ಕೈಗಡಿಯಾರಗಳನ್ನು ಕಲ್ಪಿಸಿಕೊಂಡಾಗ. ಎಡಗೈಯ ಗಡಿಯಾರವನ್ನು ಮಾಸ್ಕೋದಲ್ಲಿ ಹೊಂದಿಸಿ ದಾರಿಯುದ್ದಕ್ಕೂ ಮುಟ್ಟದೆ ಬಿಡುತ್ತೇವೆ, ಬಲಗೈಯದನ್ನು ಹೊಸ ಕಾಲವಲಯ ಬಂದಾಗಲೆಲ್ಲ ಒಂದೊಂದು ಗಂಟೆ ಮುಂದೆ ತಿರುಗಿಸುತ್ತೇವೆ. ನೊವೊಸಿಬಿರ್ಸ್ಕ್‌ನಲ್ಲಿ ಇಳಿದಾಗ ಬಲಗೈಯಲ್ಲಿ 05:00, ಎಡಗೈಯಲ್ಲಿ 01:00. ಈ ನಾಲ್ಕು ಗಂಟೆಗಳನ್ನು ನಾವು ರೈಲಿನಲ್ಲಿ ಕುಳಿತು ಕಳೆದಿಲ್ಲ, ಗಡಿಯಾರದ ಕಿವಿ ತಿರುಗಿಸಿ ಸೇರಿಸಿದ್ದೇವೆ. ಸೇರಿಸಿದ್ದನ್ನು ಲೆಕ್ಕದಿಂದ ತೆಗೆಯಬೇಕು. ನಿಜವಾಗಿ ಕಳೆದ ಹೊತ್ತನ್ನು ಬಲ್ಲದ್ದು ಎಡಗೈಯೊಂದೇ. 5ರ 23:00ರಿಂದ 8ರ 01:00ಕ್ಕೆ ಸರಿಯಾಗಿ 50 ಗಂಟೆ.

ಇದನ್ನು ಕಲಿತ ಮೇಲೂ ಮುಂದಿನ ತುಂಡಿನಲ್ಲಿ ಮತ್ತೆ ಎಡವಿದೆ. ನೊವೊಸಿಬಿರ್ಸ್ಕ್‌ನಿಂದ 9ರ 22:00ಕ್ಕೆ ಹೊರಟು ಇರ್ಕುತ್ಸ್ಕ್‌ಗೆ 11ರ 06:00ಕ್ಕೆ ತಲುಪುವುದೆಂದರೆ ಅಂಕಿಗಳ ಅಂತರ 32. ಇರ್ಕುತ್ಸ್ಕ್ ಐದು ಗಂಟೆ ಮುಂದಿದೆಯೆಂದು ಐದನ್ನು ಕಳೆದು 27 ಎಂದೆ. ಆದರೆ ಐದು ಎಂಬುದು ಮಾಸ್ಕೋಗೆ ಹೋಲಿಸಿದ ಅಂಕಿ, ಈ ಪ್ರಯಾಣ ಮಾಸ್ಕೋದಿಂದ ಹೊರಟದ್ದಲ್ಲ. ಹೊರಟ ಊರು ನಾಲ್ಕು ಗಂಟೆ ಮುಂದಿತ್ತು, ಇಳಿದ ಊರು ಐದು, ಹಾಗಾಗಿ ಕಳೆಯಬೇಕಾದದ್ದು ಒಂದು ಗಂಟೆ ಮಾತ್ರ. ಉತ್ತರ 31.

ಪಶ್ಚಿಮಕ್ಕೆ ಮರಳುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ವ್ಲಾದಿವೊಸ್ತೋಕ್‌ನಿಂದ 10ರ 19:00ಕ್ಕೆ ಹೊರಟು ಇರ್ಕುತ್ಸ್ಕ್‌ಗೆ 13ರ 17:00ಕ್ಕೆ ಬಂದರೆ ಅಂತರ 70 ಗಂಟೆ ಎಂದು ತೋರುತ್ತದೆ. ಬಲಗೈಯ ಗಡಿಯಾರವನ್ನು ಎರಡು ಸಲ ಹಿಂದಕ್ಕೆ ತಿರುಗಿಸಿರುವುದರಿಂದ ಪ್ರಯಾಣ 72 ಗಂಟೆಗಳದ್ದು. ಪೂರ್ವಕ್ಕೆ ಕಳೆ, ಪಶ್ಚಿಮಕ್ಕೆ ಕೂಡು ಎಂದು ಗೋಡೆಗೆ ಬರೆದು ಅಂಟಿಸಿಕೊಳ್ಳಬಹುದು. ನಾನಾದರೋ ಈಗ ಎಲ್ಲ ವೇಳೆಗಳನ್ನೂ ಮೊದಲು ಮಾಸ್ಕೋ ವೇಳೆಗೆ ಇಳಿಸಿ, ಆಮೇಲೆ ಲೆಕ್ಕಕ್ಕೆ ಕೈ ಹಾಕುತ್ತೇನೆ. ಹೀಗೆ ಇಳಿಸುವಾಗ ತಾರೀಖಿನ ಮೇಲೂ ಕಣ್ಣಿರಬೇಕು. ಇರ್ಕುತ್ಸ್ಕ್‌ನ 8ರ 03:00 ಎಂದರೆ ಮಾಸ್ಕೋದಲ್ಲಿ 7ರ 22:00.

ಇಡೀ ದೇಶಕ್ಕೆ ಒಂದೇ ವೇಳೆ ಇರುವ ಭಾರತದಲ್ಲಿ ಹೊರಡುವ ಗಂಟೆಯನ್ನು ತಲುಪುವ ಗಂಟೆಯಿಂದ ಕಳೆದರೆ ಕೆಲಸ ಮುಗಿಯುವುದರಿಂದ, ಈ ಅಭ್ಯಾಸ ನಮಗೆ ಹುಟ್ಟಿನಿಂದ ಬಂದದ್ದಲ್ಲ. ಆದರೆ ಮನೆಗೆ ಫೋನ್ ಮಾಡುವ ವೇಳೆಯ ಲೆಕ್ಕಕ್ಕೆ ನಮಗೊಂದು ಅನುಕೂಲವಿದೆ. ನಮ್ಮ ವೇಳೆ ಮಾಸ್ಕೋಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಯೆಕತೆರಿನ್‌ಬುರ್ಗ್ ನಮಗಿಂತ ಅರ್ಧ ಗಂಟೆ ಹಿಂದೆ, ಓಮ್ಸ್ಕ್ ಅರ್ಧ ಗಂಟೆ ಮುಂದೆ. ವ್ಲಾದಿವೊಸ್ತೋಕ್ ತಲುಪುವ ಹೊತ್ತಿಗೆ ನಾಲ್ಕೂವರೆ ಗಂಟೆ ಮುಂದಾಗಿರುತ್ತೇವೆ. ಅಲ್ಲಿ ರಾತ್ರಿ ಹತ್ತೂವರೆಯಾದಾಗ ಬೆಂಗಳೂರಿನಲ್ಲಿ ಸಂಜೆ ಆರು.

ಆಸನದ ಸಂಖ್ಯೆ

ನಾಲ್ಕು ಮಂದಿಯ ಕೋಣೆಗಳಿರುವ 'ಕುಪೆ'ಯಲ್ಲಿ 36 ಆಸನಗಳು, ಬಾಗಿಲಿಲ್ಲದ 'ಪ್ಲತ್ಸ್‌ಕಾರ್ತ್'ನಲ್ಲಿ 54. ನಮ್ಮ ಸ್ಲೀಪರ್ ಡಬ್ಬಿಯಂತೆ ಎಂಟರಿಂದ ಭಾಗಿಸುವ ಕಷ್ಟ ಇಲ್ಲಿಲ್ಲ. ಮಧ್ಯದ ಬರ್ತ್ ಎಂಬುದೇ ಇಲ್ಲವಾದ್ದರಿಂದ ಬೆಸ ಸಂಖ್ಯೆ ಕೆಳಗಿನದು, ಸಮ ಸಂಖ್ಯೆ ಮೇಲಿನದು. ಎಡವುವ ಜಾಗ ಒಂದಿದೆ. ಪ್ಲತ್ಸ್‌ಕಾರ್ತ್‌ನ 1ರಿಂದ 36ರವರೆಗಿನ ಆಸನಗಳು ಡಬ್ಬಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿದರೆ, ನಡೆದಾಡುವ ದಾರಿಯ ಪಕ್ಕದ 37ರಿಂದ 54ರವರೆಗಿನವು ಆ ತುದಿಯಿಂದ ಹಿಂದಕ್ಕೆ ಎಣಿಸುತ್ತ ಬರುತ್ತವೆ. ಹೀಗಾಗಿ 37 ಮತ್ತು 38 ಇರುವುದು 33–36ರ ಎದುರಿಗೆ, ಶೌಚಾಲಯದ ಬಳಿ. 53 ಮತ್ತು 54 ಇರುವುದು 1–4ರ ಎದುರಿಗೆ. ಅಭ್ಯಾಸದ ಉತ್ತರದಲ್ಲಿ ನಾನು ಅಜ್ಜಿಯೊಬ್ಬರಿಗೆ 38ನ್ನು ಕೊಟ್ಟಿದ್ದೆ, ಮೂರು ದಿನಗಳ ಪ್ರಯಾಣಕ್ಕೆ. ಅದನ್ನು ತಿದ್ದಿ 17 ಎಂದು ಬರೆದಿದ್ದೇನೆ.