ಮಗುವಿನ ರಿಪೋರ್ಟಿಗೆ ದೊಡ್ಡವರ ಅಳತೆ

ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಜ್ವರ ಬಂದಿದ್ದ ಎರಡು ವರ್ಷದ ಮಗುವಿನ ಸಿಬಿಸಿ ರಿಪೋರ್ಟು, ಅಂದರೆ ರಕ್ತಕಣಗಳ ಎಣಿಕೆ. ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಬಗೆ ಶೇಕಡಾ 60, ಪಕ್ಕದಲ್ಲಿ ದಪ್ಪಕ್ಷರದ ‘ಎಚ್’, ಅಂದರೆ ಹೆಚ್ಚು. ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆ 32, ಅದಕ್ಕೊಂದು ‘ಎಲ್’, ಅಂದರೆ ಕಡಿಮೆ. ಕೆಳಗೆ ಅಮ್ಮನ ಸಾಲು: “ಡಾಕ್ಟ್ರೇ, ಗೂಗಲ್ ಮಾಡಿದೆ, ಏನೇನೋ ಬರ್ತಿದೆ.” ಆ ಏನೇನೋ ಏನು ಅಂತ ನನಗೆ ಗೊತ್ತು. ಬ್ಲಡ್ ಕ್ಯಾನ್ಸರ್ ಅಂತ ಬರೆಯಲು ಅವರಿಗೆ ಕೈ ಬಂದಿಲ್ಲ, ಅಷ್ಟೇ.

ಆ ರಿಪೋರ್ಟಿನಲ್ಲಿ ಗಾಬರಿಪಡುವಂಥದ್ದು ಏನೂ ಇರಲಿಲ್ಲ. ಎಷ್ಟೋ ಲ್ಯಾಬ್‌ಗಳು ಮಗುವಿನ ರಿಪೋರ್ಟಿನಲ್ಲೂ ದೊಡ್ಡವರ ಮಿತಿಯನ್ನೇ ಅಚ್ಚು ಹಾಕುತ್ತವೆ. ದೊಡ್ಡವರಲ್ಲಿ ಲಿಂಫೋಸೈಟ್ ಸುಮಾರು 20ರಿಂದ 40 ಇರಬೇಕು. ಪುಟ್ಟ ಮಕ್ಕಳ ಲೆಕ್ಕ ತಲೆಕೆಳಗು. ಹುಟ್ಟಿದ ಮೊದಲ ವಾರ ಕಳೆದ ಮೇಲೆ ಲಿಂಫೋಸೈಟ್‌ಗಳದ್ದೇ ಕೈ ಮೇಲು. ನಾಲ್ಕೈದು ವರ್ಷಕ್ಕೆ ಎರಡೂ ಸಮವಾಗಿ, ಆಮೇಲೆ ನ್ಯೂಟ್ರೋಫಿಲ್ ಮುಂದೆ ಹೋಗುತ್ತದೆ. ಎರಡು ವರ್ಷಕ್ಕೆ 60 ಸಹಜ. ಟೋಟಲ್ ಕೌಂಟೂ, ಅಂದರೆ ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯೂ ಹಾಗೇ: ದೊಡ್ಡವರಿಗೆ 11,000 ದಾಟಿದರೆ ಜಾಸ್ತಿ, ಒಂದು ವರ್ಷದ ಮಗುವಿಗೆ 17,000 ಇದ್ದರೂ ಸಹಜವೇ ಇರಬಹುದು.

ಇನ್ನು ಡೆಂಗಿ. ಜ್ವರ ಬಂತೆಂದರೆ ಮನೆಯವರೆಲ್ಲ ಕೇಳುವುದು ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ. ಅಳುವ ಮಗುವಿನ ಕೈಯಿಂದ ರಕ್ತ ಹನಿಹನಿಯಾಗಿ ಬಂದು ಟ್ಯೂಬಿನಲ್ಲೇ ಹೆಪ್ಪುಗಟ್ಟಿದರೂ ಮೆಷಿನ್ ಪ್ಲೇಟ್‌ಲೆಟ್ ಕಡಿಮೆ ಅಂತ ತೋರಿಸುತ್ತದೆ. 40,000 ಎಂದಿದ್ದ ರಿಪೋರ್ಟು, ಮತ್ತೆ ರಕ್ತ ತೆಗೆಸಿದಾಗ ಎರಡು ಲಕ್ಷ ಆಗಿದ್ದನ್ನು ನಾನೇ ಕಂಡಿದ್ದೇನೆ.

ನಾನು ಪ್ಲೇಟ್‌ಲೆಟ್ ಜೊತೆಗೆ ಪಿಸಿವಿ ಎಂಬ ಸಾಲನ್ನೂ ನೋಡುತ್ತೇನೆ; ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂದು ಹೇಳುವ ಸಾಲು ಅದು. ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ, ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತಿದೆ ಎಂದರ್ಥ. ಇದು ಒಂದೇ ರಿಪೋರ್ಟಿನಲ್ಲಿ ಗೊತ್ತಾಗುವುದಿಲ್ಲ, ನಿನ್ನೆಯದನ್ನೂ ಇಟ್ಟು ಹೋಲಿಸಬೇಕು. ಹಾಗಾಗಿ ಹಳೆಯ ಕಾಗದ ಬಿಸಾಡಬೇಡಿ. ಈ ಸೋರಿಕೆ ಹೆಚ್ಚಾಗಿ ಶುರುವಾಗುವುದು ಜ್ವರ ಬಿಡುವ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ. “ಜ್ವರ ಬಿಡ್ತಲ್ಲ, ಇನ್ನೇನು” ಅಂತ ಮನೆಯವರು ಉಸಿರು ಬಿಡುವ ಹೊತ್ತೂ ಅದೇ.

ಆ ಅಮ್ಮನಿಗೆ ನಾನು ಕೇಳಿದ್ದು ಬೇರೆಯೇ: ಉಚ್ಚೆ ಸರಿಯಾಗಿ ಹೋಗ್ತಿದ್ಯಾ? ಕೈಕಾಲು ತಣ್ಣಗಿದ್ಯಾ? ಹೊಟ್ಟೆ ನೋವು, ಮತ್ತೆ ಮತ್ತೆ ವಾಂತಿ, ಎಲ್ಲಾದರೂ ರಕ್ತ? ಎಬ್ಬಿಸಿದರೆ ಏಳ್ತಾನಾ? ಇವುಗಳಲ್ಲಿ ಒಂದು ಕೆಟ್ಟಿದ್ದರೂ ಬೆಳಗಿನ ರಿಪೋರ್ಟಿಗೆ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.